ಬಂದೂಕು ಒದೆಯುವುದೇಕೆ?

1857ರಲ್ಲಿ ಆಯುಧ ಒಪ್ಪಿಸಲೊಪ್ಪದೆ ದಂಗೆಯೆದ್ದ ಹಲಗಲಿ ಬೇಡರ ಲಾವಣಿ ಕೇಳುತ್ತ ಬೆಳೆದವ ನಾನು. ಬಂದೂಕು ಹಾರಿಸಿದಾಗ ಭುಜಕ್ಕೆ ಒದೆ ಬೀಳುವುದೇಕೆ, ಕಿವಿ ಗುಂಯ್ ಎನ್ನುವುದೇಕೆ? – ಓದುಗರೊಬ್ಬರು, ರಬಕವಿ

ಕೃಷ್ಣಾ ನದಿಯಲ್ಲಿ ದೋಣಿಯಿಂದ ದಡಕ್ಕೆ ಜಿಗಿದಿದ್ದೀರಾ? ನೀವು ಮುಂದೆ, ದೋಣಿ ಹಿಂದೆ. ಹಾಗೆಯೇ ಮದ್ದು ಉರಿದು ಹುಟ್ಟುವ ಅನಿಲ ಗುಂಡನ್ನು ಮುಂದಕ್ಕೆ ನೂಕುವಾಗ ಬಂದೂಕು ಹಿಂದಕ್ಕೆ ಸರಿಯುತ್ತದೆ. ಅದು ಗುಂಡಿಗಿಂತ ನೂರಾರು ಪಟ್ಟು ಭಾರ, ಹಾಗಾಗಿ ವೇಗ ಕಡಿಮೆ; ಇಲ್ಲದಿದ್ದರೆ ಭುಜವೇ ಉಳಿಯುತ್ತಿರಲಿಲ್ಲ! ಬಂದೂಕಿನ ಹಿಂಬದಿಯನ್ನು ಭುಜಕ್ಕೆ ಒತ್ತಿ, ಮೈಯನ್ನು ತುಸು ಮುಂದಕ್ಕೆ ಬಾಗಿಸಿದರೆ ದೇಹದ ತೂಕವೂ ಸೇರಿ ಗುದ್ದು ಬರೀ ತಳ್ಳಿದಂತಾಗುತ್ತದೆ. ಸಡಿಲ ಹಿಡಿದವನಿಗೆ ಪೆಟ್ಟು ಖಚಿತ.

ಭುಜದ ನೋವು ನಾಲ್ಕು ದಿನದಲ್ಲಿ ಹೋದೀತು, ಕಿವಿಯದು ಹಾಗಲ್ಲ. ರೈಫಲ್ ಸದ್ದು ಹಾರಿಸುವವನ ಕಿವಿಯ ಬಳಿ 140 ಡೆಸಿಬೆಲ್ ದಾಟುತ್ತದೆ. ಒಳಗಿವಿಯ ಸುರುಳಿಯಲ್ಲಿ ಸದ್ದನ್ನು ಹಿಡಿಯುವ ಸೂಕ್ಷ್ಮ ರೋಮಕೋಶಗಳಿವೆ. ಈ ಸದ್ದಿಗೆ ಅವು ನಲುಗುವುದರಿಂದಲೇ ಕಿವಿ ಗುಂಯ್ ಎನ್ನುವುದು; ಸತ್ತರೆ ಮತ್ತೆ ಹುಟ್ಟವು. ನಿಮ್ಮೂರಿನ ಪವರ್‌ಲೂಮ್ ಇದೇ ಹಾನಿಯನ್ನು ವರ್ಷಗಟ್ಟಲೆ ಮೆಲ್ಲಗೆ ಮಾಡುತ್ತದೆ.

ಎನ್‌ಸಿಸಿ ಫೈರಿಂಗ್‌ಗೆ ಹೋಗುವ ಮಕ್ಕಳಿರಲಿ, ಮಗ್ಗದ ಮುಂದೆ ನಿಲ್ಲುವವರಿರಲಿ, ಸ್ಪಂಜಿನ ಇಯರ್‌ಪ್ಲಗ್ ಸರಿಯಾಗಿ ಕೂತರೆ ಸದ್ದು 20–30 ಡೆಸಿಬೆಲ್ ತಗ್ಗುತ್ತದೆ. ಹತ್ತಿ ತುರುಕಿದರೆ ಸಾಲದು.