ಹೌದು-ಅಲ್ಲಗಳ ಪೆಟ್ಟಿಗೆ

‘ಸರಿಯೋ ತಪ್ಪೋ ಗುರುತಿಸಿರಿ’ ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬಂದರೆ ಮಕ್ಕಳಿಗೆ ಸಂತೋಷ. ಪುಟಗಟ್ಟಲೆ ಬರೆಯಬೇಕಾಗಿಲ್ಲ. ಉತ್ತರ ಎರಡರಲ್ಲಿ ಒಂದು. ಕಂಪ್ಯೂಟರು ದಿನವಿಡೀ ಇಂಥ ಪ್ರಶ್ನೆಗಳನ್ನೇ ಕೇಳಿಕೊಳ್ಳುತ್ತಿರುತ್ತದೆ. ಗುಂಡಿ ಒತ್ತಿದರೇ? ಮುದ್ರಣಯಂತ್ರದಲ್ಲಿ ಕಾಗದ ಇದೆಯೇ? ಗುಪ್ತಪದ ಸರಿಯಾಗಿದೆಯೇ? ಪ್ರತಿಯೊಂದಕ್ಕೂ ಉತ್ತರ ‘ಹೌದು’ ಅಥವಾ ‘ಅಲ್ಲ’.

ಈ ಎರಡೇ ಉತ್ತರಗಳಿಂದ ಒಂದು ಗಣಿತವನ್ನು ಕಟ್ಟಿದವರು ಜಾರ್ಜ್ ಬೂಲ್. ಇವರು 1815ರಲ್ಲಿ ಇಂಗ್ಲೆಂಡಿನ ಲಿಂಕನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಬೂಟು ಹೊಲಿಯುವ ಕಸುಬಿನವರು. ಬೂಲ್ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಹೆಚ್ಚಿನ ಗಣಿತವನ್ನು ಪುಸ್ತಕಗಳನ್ನು ಓದಿ ತಾವೇ ಕಲಿತರು. ಆದರೂ 1849ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು! ಅವರ ನೆನಪಿಗಾಗಿಯೇ ಕಂಪ್ಯೂಟರಿನಲ್ಲಿ ಹೌದು-ಅಲ್ಲ ಎಂಬ ಉತ್ತರವನ್ನು ಇಡುವ ಪೆಟ್ಟಿಗೆಗೆ ‘ಬೂಲಿಯನ್’ ಎಂದು ಹೆಸರು. ಚಿಕ್ಕದಾಗಿ ‘ಬೂಲ್’ ಎನ್ನುತ್ತಾರೆ.

ಈಗ ‘ಸಿ’ ಭಾಷೆಯ ವಿಷಯಕ್ಕೆ ಬರೋಣ. ಕಂಪ್ಯೂಟರಿಗೆ ಕೆಲಸ ಹೇಳುವ ಈ ಭಾಷೆಯನ್ನು 1970ರ ದಶಕದ ಮೊದಲಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ರೂಪಿಸಿದರು. ಈ ಭಾಷೆಯಲ್ಲಿ ಬರೆದುದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವ ಸಾಧನಕ್ಕೆ ಕಂಪೈಲರ್ ಎಂದು ಹೆಸರು. ಬೇರೆ ಬೇರೆ ಯಂತ್ರಗಳಿಗೆ ಬೇರೆ ಬೇರೆ ಕಂಪೈಲರುಗಳಿವೆ. ಒಮ್ಮೆ ಬರೆದ ಪ್ರೋಗ್ರಾಂ ಎಲ್ಲ ಕಡೆಯೂ ಒಂದೇ ರೀತಿ ನಡೆಯಬೇಕು ಎಂಬುದು ಬರೆದವರ ಆಸೆ.

ಹಳೆಯ ಸಿ ಭಾಷೆಯಲ್ಲಿ ಬೂಲ್ ಪೆಟ್ಟಿಗೆಯೇ ಇರಲಿಲ್ಲ. ಇದ್ದದ್ದು ಸಂಖ್ಯೆಗಳು ಮಾತ್ರ. ನಿಯಮ ಬಹಳ ಸರಳವಾಗಿತ್ತು: ಸೊನ್ನೆ ಎಂದರೆ ‘ಅಲ್ಲ’, ಸೊನ್ನೆ ಅಲ್ಲದ ಯಾವ ಸಂಖ್ಯೆಯಾದರೂ ‘ಹೌದು’. 1 ಕೂಡ ಹೌದು, 7 ಕೂಡ ಹೌದು, 256 ಕೂಡ ಹೌದು.

ಆದರೆ ಬರಿಯ ಸಂಖ್ಯೆ ನೋಡಿದರೆ ಅದು ಎಣಿಕೆಯೋ, ಉತ್ತರವೋ ತಿಳಿಯುವುದಿಲ್ಲ. ಆದ್ದರಿಂದ ಪ್ರೋಗ್ರಾಂ ಬರೆಯುವವರು ತಮಗೆ ಬೇಕಾದ ಬೂಲ್ ಪೆಟ್ಟಿಗೆಯನ್ನು ತಾವೇ ಮಾಡಿಕೊಂಡರು. ಒಬ್ಬರು ದೊಡ್ಡ ಪೆಟ್ಟಿಗೆ ಆರಿಸಿದರು. ಇನ್ನೊಬ್ಬರು ಜಾಗ ಉಳಿಯಲೆಂದು ಒಂದೇ ಬೈಟಿನ ಪುಟ್ಟ ಪೆಟ್ಟಿಗೆ ಆರಿಸಿದರು. ಇಬ್ಬರೂ ಇಟ್ಟ ಹೆಸರು ಮಾತ್ರ ಒಂದೇ! ಬೇರೆ ಬೇರೆಯಾಗಿದ್ದಾಗ ತೊಂದರೆಯಿಲ್ಲ. ಇಬ್ಬರ ಬರವಣಿಗೆಯನ್ನೂ ಒಂದೇ ಪ್ರೋಗ್ರಾಮಿಗೆ ಸೇರಿಸಿದಾಗ ಕಂಪೈಲರು ಗೊಂದಲಕ್ಕೆ ಬೀಳುತ್ತಿತ್ತು. ಒಂದು ಮನೆಯಲ್ಲಿ ಸ್ವಿಚ್ಚನ್ನು ಕೆಳಗೆ ಒತ್ತಿದರೆ ದೀಪ ಹತ್ತುತ್ತದೆ, ಇನ್ನೊಂದರಲ್ಲಿ ಮೇಲೆ ಒತ್ತಿದರೆ ಹತ್ತುತ್ತದೆ ಎಂದುಕೊಳ್ಳಿ. ಎರಡೂ ಮನೆಗಳಿಗೆ ಒಂದೇ ಸೂಚನಾ ಚೀಟಿ ಅಂಟಿಸಿದರೆ ಹೇಗಿರುತ್ತದೆ?

ಪುಟ್ಟ ಪೆಟ್ಟಿಗೆಯಲ್ಲಿ ಇನ್ನೊಂದು ಅಪಾಯ ಅಡಗಿತ್ತು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನಿಮ್ಮ ಹತ್ತಿರ ಎರಡು ಅಂಕಿ ಬರೆಯುವಷ್ಟೇ ಜಾಗವಿದೆ ಎನ್ನಿ. ಅಲ್ಲಿ 99ರವರೆಗೆ ಬರೆಯಬಹುದು. 100 ಬರೆಯಹೋದರೆ ಮೊದಲಿನ 1 ಹೊರಗೆ ಬಿದ್ದು 00 ಉಳಿಯುತ್ತದೆ. ನೂರು ಸೊನ್ನೆಯಾಯಿತು! ಒಂದು ಬೈಟಿನಲ್ಲಿಯೂ ಹೀಗೆಯೇ. ಅದು 256 ಬೇರೆ ಬೇರೆ ಬೆಲೆಗಳನ್ನು ಮಾತ್ರ ತೋರಿಸಬಲ್ಲದು. ಅದರೊಳಗೆ 256 ಅನ್ನು ಹಾಕಿದರೆ ಉಳಿಯುವುದು ಸೊನ್ನೆ. ಅಂದರೆ ‘ಹೌದು’ ಎಂದು ಹೋದದ್ದು ‘ಅಲ್ಲ’ ಎಂದು ಹೊರಬರುತ್ತದೆ.

ಇದು ಬರಿಯ ಕಲ್ಪನೆಯಲ್ಲ. ಮೈಎಸ್‌ಕ್ಯೂಎಲ್ ಎಂಬುದು ಮಾಹಿತಿಯನ್ನು ಜೋಡಿಸಿಡುವ ಪ್ರಸಿದ್ಧ ತಂತ್ರಾಂಶ. ಲೋಕದ ಅಸಂಖ್ಯ ಜಾಲತಾಣಗಳು ತಮ್ಮ ಲೆಕ್ಕಪತ್ರಗಳನ್ನು ಅದರಲ್ಲಿ ಇಡುತ್ತವೆ. ಅದನ್ನು ಬರೆದವರೂ ಒಂದು ಬೈಟಿನ ಸ್ವಂತ ಬೂಲ್ ಪೆಟ್ಟಿಗೆ ಮಾಡಿಕೊಂಡಿದ್ದರು. ಯಾರಾದರೂ ಒಳಗೆ ಬರಲು ಕೇಳಿದಾಗ, ಅವರು ಕೊಟ್ಟ ಗುಪ್ತಪದದಿಂದ ಲೆಕ್ಕ ಹಾಕಿ ಪಡೆದ ಗುರುತನ್ನು ನಿಜವಾದ ಗುರುತಿನೊಂದಿಗೆ ಹೋಲಿಸಬೇಕು. ‘ವ್ಯತ್ಯಾಸವಿದೆಯೇ?’ ಎಂಬುದು ಪ್ರಶ್ನೆ. ಸೊನ್ನೆ ಬಂದರೆ ವ್ಯತ್ಯಾಸವಿಲ್ಲ, ಬಾಗಿಲು ತೆರೆಯಬೇಕು. ಬೇರೆ ಯಾವ ಸಂಖ್ಯೆ ಬಂದರೂ ಬಾಗಿಲು ಮುಚ್ಚಿರಬೇಕು. ಬಹಳಷ್ಟು ಯಂತ್ರಗಳಲ್ಲಿ ಹೋಲಿಕೆಯಿಂದ ಸಣ್ಣ ಸಂಖ್ಯೆಗಳೇ ಬರುತ್ತಿದ್ದುದರಿಂದ ಎಲ್ಲವೂ ಸರಿಯಾಗಿತ್ತು. ಕೆಲವು ಲಿನಕ್ಸ್ ಯಂತ್ರಗಳಲ್ಲಿ ಮಾತ್ರ ದೊಡ್ಡ ಸಂಖ್ಯೆಗಳು ಬರುತ್ತಿದ್ದವು. ಅವು ಪುಟ್ಟ ಪೆಟ್ಟಿಗೆಗೆ ಇಳಿಯುವಾಗ ಒಮ್ಮೊಮ್ಮೆ ಸೊನ್ನೆಯಾಗುತ್ತಿದ್ದವು. ಆಗ ತಪ್ಪು ಗುಪ್ತಪದ ಹೇಳಿದವರಿಗೂ ಬಾಗಿಲು ತೆರೆಯುತ್ತಿತ್ತು! ಬಳಕೆದಾರರ ಹೆಸರು ಗೊತ್ತಿದ್ದರೆ ಸುಮಾರು 256 ಸಲಕ್ಕೊಮ್ಮೆ ಯಾರು ಬೇಕಾದರೂ ಒಳಗೆ ಹೋಗಬಹುದಾಗಿತ್ತು. ಕಂಪ್ಯೂಟರಿಗೆ 256 ಸಲ ಪ್ರಯತ್ನಿಸುವುದು ಕ್ಷಣದ ಕೆಲಸ. ಈ ದೋಷ 2012ರಲ್ಲಿ ಬೆಳಕಿಗೆ ಬಂದಿತು, ಅದನ್ನು ಸರಿಪಡಿಸಲಾಯಿತು. ಮುಂದೆ 8.0 ಆವೃತ್ತಿಯಲ್ಲಿ ಆ ಸ್ವಂತ ಪೆಟ್ಟಿಗೆಯನ್ನೇ ತೆಗೆದು ನಿಜವಾದ ಬೂಲನ್ನು ಬಳಸಿದರು.

ನಿಜವಾದ ಬೂಲ್ ಸಿ ಭಾಷೆಗೆ ಬಂದದ್ದು 1999ರ ನಿಯಮಾವಳಿಯಲ್ಲಿ. ಇದರ ಗುಣವೇ ಬೇರೆ. 7 ಹಾಕಿರಿ, 256 ಹಾಕಿರಿ, ಒಳಗೆ ಉಳಿಯುವುದು 1. ಸೊನ್ನೆ ಹಾಕಿದರೆ ಮಾತ್ರ ಸೊನ್ನೆ. ಆದರೆ ಬೂಲ್ ಎಂಬ ಹೆಸರನ್ನು ಜನರು ಆಗಲೇ ತಮ್ಮ ತಮ್ಮ ಪೆಟ್ಟಿಗೆಗಳಿಗೆ ಇಟ್ಟುಬಿಟ್ಟಿದ್ದರಲ್ಲ! ಅದನ್ನೇ ಕಸಿದುಕೊಂಡರೆ ಸಾವಿರಾರು ಹಳೆಯ ಪ್ರೋಗ್ರಾಮುಗಳು ಕೆಡುತ್ತಿದ್ದವು. ಅದಕ್ಕಾಗಿ ಮುಂದೆ ಒಂದು ಅಡಿಗೆರೆ, ಆಮೇಲೆ ದೊಡ್ಡ ‘ಬಿ’ ಅಕ್ಷರ ಇರುವ ವಿಚಿತ್ರ ಹೆಸರಿಟ್ಟರು. ಚಂದದ ಹೆಸರು ಬೇಕೆನ್ನುವವರು ಕೇಳಿ ಪಡೆಯಲೆಂದು ಪ್ರತ್ಯೇಕ ಕಡತವೊಂದನ್ನು ಇಟ್ಟರು. ಇದು ಜಾಣತನದ ಏರ್ಪಾಡು.

ಹಾಗಾದರೆ ಹಳೆಯ ಕಂಪೈಲರುಗಳ ಗತಿ? ಅವು ಒಂದೇ ದಿನದಲ್ಲಿ ಮಾಯವಾಗಲಿಲ್ಲ. ಮೈಕ್ರೋಸಾಫ್ಟ್ ಕಂಪೆನಿಯ ಸಿ ಕಂಪೈಲರಿಗೆ ಈ ಕಡತ ಬಂದದ್ದು 2013ರ ಆವೃತ್ತಿಯಲ್ಲಿ. ಎರಡು ಬಗೆಯ ಕಂಪೈಲರುಗಳಲ್ಲಿಯೂ ನಡೆಯುವಂತೆ ಬರೆಯಲು ಒಂದು ಉಪಾಯವಿದೆ. ಕಂಪೈಲರನ್ನೇ ‘ನೀನು ಯಾವ ವರ್ಷದ ನಿಯಮ ಕಲಿತಿದ್ದೀಯೆ?’ ಎಂದು ಕೇಳುವುದು! ಹೊಸ ಕಂಪೈಲರುಗಳು ಇದಕ್ಕಾಗಿ ಒಂದು ಸಂಖ್ಯೆಯನ್ನು ಇಟ್ಟುಕೊಂಡಿರುತ್ತವೆ. 1999ರ ನಿಯಮ ಕಲಿತದ್ದಾದರೆ ಆ ಸಂಖ್ಯೆ 199901. ಮೊದಲ ನಾಲ್ಕು ಅಂಕಿ ವರ್ಷ, ಕೊನೆಯ ಎರಡು ತಿಂಗಳು. ಸಂಖ್ಯೆ ಅಷ್ಟು ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ನಿಜವಾದ ಬೂಲನ್ನು ತೆಗೆದುಕೊಳ್ಳಬೇಕು. ಕಡಿಮೆಯಿದ್ದರೆ, ಅಥವಾ ಸಂಖ್ಯೆಯೇ ಇಲ್ಲದಿದ್ದರೆ, ಸ್ವಂತ ಪೆಟ್ಟಿಗೆ ಮಾಡಿಕೊಳ್ಳಬೇಕು.

ಸ್ವಂತ ಪೆಟ್ಟಿಗೆಗೆ ಎಲ್ಲವನ್ನೂ 1 ಮಾಡುವ ಗುಣ ಇರುವುದಿಲ್ಲ ಎಂಬುದನ್ನು ಮರೆಯಬಾರದು. ಅದಕ್ಕೆ ‘ಅಲ್ಲ’ ಎಂಬ ಚಿಹ್ನೆಯನ್ನು ಎರಡು ಸಲ ಬರೆಯುತ್ತಾರೆ. ಸಿ ಭಾಷೆಯಲ್ಲಿ ಆ ಚಿಹ್ನೆ ನಮ್ಮ ಆಶ್ಚರ್ಯಸೂಚಕವೇ. 256ಕ್ಕೆ ಒಮ್ಮೆ ‘ಅಲ್ಲ’ ಎಂದರೆ 0. ಆ 0ಗೆ ಮತ್ತೊಮ್ಮೆ ‘ಅಲ್ಲ’ ಎಂದರೆ 1. ಈಗ ಅದನ್ನು ಎಷ್ಟು ಪುಟ್ಟ ಪೆಟ್ಟಿಗೆಗೆ ಹಾಕಿದರೂ ‘ಹೌದು’ ಹಾಗೆಯೇ ಉಳಿಯುತ್ತದೆ. 7ನ್ನು ತೆಗೆದುಕೊಂಡು ನೀವೂ ಮಾಡಿ ನೋಡಿರಿ.

2024ರಲ್ಲಿ ಸಿ ಭಾಷೆಯ ಹೊಸ ನಿಯಮಾವಳಿ ಪ್ರಕಟವಾಯಿತು. ಅದರಲ್ಲಿ ಬೂಲ್ ಎಂಬುದು ಭಾಷೆಯ ಸ್ವಂತ ಪದವಾಗಿಬಿಟ್ಟಿದೆ. ಕಡತ ಕೇಳುವ ಅಗತ್ಯವಿಲ್ಲ. ವರ್ಷ ಕೇಳದೆ ಆ ಹೆಸರಿನಲ್ಲಿ ಸ್ವಂತ ಪೆಟ್ಟಿಗೆ ಮಾಡಿಕೊಂಡ ಹಳೆಯ ಪ್ರೋಗ್ರಾಮುಗಳನ್ನು ಈ ನಿಯಮದ ಕಂಪೈಲರುಗಳು ಒಪ್ಪುವುದಿಲ್ಲ. ವರ್ಷ ಕೇಳುವ ಸಾಲನ್ನು ಮೊದಲೇ ಬರೆದಿಟ್ಟವರ ಪ್ರೋಗ್ರಾಮುಗಳಿಗೆ ಈ ತೊಡಕಿಲ್ಲ.