ವಿಮಾನದ ಬಾಗಿಲು ಎಲ್ಲಿರಬೇಕು?

ಸೇನೆಯ ಸರಕು ವಿಮಾನ ಅಂದಕೂಡಲೇ ನಾವು ಕೇಳೋದು ಎರಡೇ ಪ್ರಶ್ನೆ: ಎಷ್ಟು ಟನ್ ಒಯ್ಯುತ್ತದೆ, ಎಷ್ಟು ದೂರ ಹೋಗುತ್ತದೆ? ಮೂರನೇ ಪ್ರಶ್ನೆ ಕೇಳುವವರು ಕಡಿಮೆ. ಸಾಮಾನು ಒಳಗೆ ಹಾಕೋದು ಹೇಗೆ?

ನಮ್ಮ ಕಬ್ಬೂರ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಂಗಾಮಿನಲ್ಲಿ ಗ್ಯಾಂಗಿನವರು ತಲೆ ಮೇಲೆ ಕಬ್ಬಿನ ಹೊರೆ ಹೊತ್ತು, ಇಳಿಜಾರು ಹಲಗಿ ಹತ್ತಿ ಟ್ರ್ಯಾಲಿ ತುಂಬುತ್ತಾರೆ. ಟ್ರ್ಯಾಕ್ಟರಿಗೆ ಎಷ್ಟೇ ಎಚ್‌ಪಿ ಇರಲಿ, ಟ್ರ್ಯಾಲಿ ತುಂಬೋ ತನಕ ಅದು ನಿಂತೇ ಇರಬೇಕು. ವಿಮಾನದ ಕಥೆನೂ ಹಾಗೇ ರೀ.

ಎರಡನೇ ಮಹಾಯುದ್ಧದ ಡಕೋಟಾ, ಅಂದರೆ ಸಿ-47, ಪ್ರಯಾಣಿಕರ ಡಿಸಿ-3 ವಿಮಾನದಿಂದ ಬಂದದ್ದು. ಸೇನೆಗಾಗಿ ನೆಲ ಗಟ್ಟಿ ಮಾಡಿ, ಎಡಮಗ್ಗುಲಲ್ಲಿ ಹಿಂದುಗಡೆ ದೊಡ್ಡ ಜೋಡಿ ಬಾಗಿಲು ಇಟ್ಟರು. ಆದರೆ ಬಾಲದ ಕೆಳಗೆ ಚಿಕ್ಕ ಗಾಲಿ. ನಿಂತಾಗ ವಿಮಾನ ಮೂಗು ಮೇಲೆತ್ತಿಕೊಂಡೇ ಇರುತ್ತಿತ್ತು. ಹೀಗಾಗಿ ಪಕ್ಕದಿಂದ ಏರಿಸಿದ ಪೆಟ್ಟಿಗೆಯನ್ನು ಒಳಗೆ ದಿಬ್ಬ ಹತ್ತಿಸಿದಂತೆ ಮುಂದಕ್ಕೆ ತಳ್ಳಬೇಕು, ಜಾರದಂತೆ ಬಿಗಿಯಬೇಕು. ಭಾರವೆಲ್ಲ ಬಾಲದ ಕಡೆ ಉಳಿದರೆ ವಿಮಾನದ ಸಮತೋಲನವೇ ಕೆಡುತ್ತದೆ. ಜೀಪ್ ಹಾಕಬೇಕಂದ್ರೆ ಇಳಿಜಾರು ಹಲಗೆ ಹತ್ತಿಸಿ, ಆ ಇಕ್ಕಟ್ಟಿನಲ್ಲೇ ತಿರುಗಿಸಬೇಕಿತ್ತು.

ಈ ಯುದ್ಧಕ್ಕೂ ಕರ್ನಾಟಕಕ್ಕೂ ನಂಟಿದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಶುರು ಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1943ರಲ್ಲಿ ಅಮೆರಿಕದ ವಾಯುಸೇನೆಯ ಕೈಗೆ ಹೋಗಿ ವಿಮಾನ ರಿಪೇರಿಯ ದೊಡ್ಡ ಕೇಂದ್ರವಾಯಿತು.

1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಶ್ರೀನಗರಕ್ಕೆ ಮುಟ್ಟಿಸಿದ್ದು ಡಕೋಟಾಗಳೇ. ಸೈನಿಕ ತಾನೇ ಹತ್ತಿ ಇಳಿಯುತ್ತಾನೆ. ಲಾರಿ, ಟ್ಯಾಂಕ್ ಹತ್ತಬೇಕಲ್ಲ?

1954ರಲ್ಲಿ ನಮ್ಮ ವಾಯುಪಡೆಗೆ ಬಂದ ಸಿ-119 ಪ್ಯಾಕೆಟ್ ವಿಮಾನದಲ್ಲಿ ಇದಕ್ಕೆ ಉತ್ತರವಿತ್ತು. ಬಾಲವನ್ನು ಎರಡು ಉದ್ದ ತೋಳುಗಳ ಮೇಲೆ ಹಿಡಿದಿಟ್ಟಿದ್ದರಿಂದ ಒಡಲಿನ ಹಿಂಭಾಗ ಪೂರ್ತಿ ಖಾಲಿ. ಅಲ್ಲಿ ಚಿಪ್ಪಿನಂತೆ ಎರಡು ಕಡೆ ತೆರೆಯುವ ಬಾಗಿಲು. ಮೂಗಿನ ಕೆಳಗೂ ಗಾಲಿ ಇದ್ದುದರಿಂದ ನೆಲ ಸಮತಟ್ಟು. ಲಾರಿಯನ್ನು ರಿವರ್ಸ್ ತಂದು ನಿಲ್ಲಿಸಿ ಸಾಮಾನು ನೇರ ಒಳಗೆ ಸರಿಸಬಹುದು. ಆಕಾಶದಿಂದ ಸಾಮಾನು ಉದುರಿಸುವಾಗ ಬಾಗಿಲನ್ನೇ ಬಿಚ್ಚಿಟ್ಟು ಹಾರುತ್ತಿದ್ದರು.

ಹಿಮಾಲಯದ ಎತ್ತರದಲ್ಲಿ ಎಂಜಿನ್ ಶಕ್ತಿ ಸಾಲದಾದಾಗ ಪ್ಯಾಕೆಟ್‌ನ ಬೆನ್ನ ಮೇಲೆ ಒಂದು ಆರ್ಫಿಯಸ್ ಜೆಟ್ ಎಂಜಿನ್ ಕೂರಿಸಿದರು. ಆ ಎಂಜಿನ್ ತಯಾರಾಗುತ್ತಿದ್ದದ್ದು ನಮ್ಮ ಬೆಂಗಳೂರಿನಲ್ಲಿ. 1962ರ ಜುಲೈನಲ್ಲಿ ಸ್ಕ್ವಾಡ್ರನ್ ಲೀಡರ್ ಸಿ.ಕೆ.ಎಸ್. ರಾಜೆ 16,000 ಅಡಿಗೂ ಎತ್ತರದ ದೌಲತ್ ಬೇಗ್ ಓಲ್ಡಿಯಲ್ಲಿ ಪ್ಯಾಕೆಟ್ ಇಳಿಸಿದರು.

ಅದೇ ಅಕ್ಟೋಬರಿನಲ್ಲಿ, ಚೀನಾ ಯುದ್ಧದ ನಡುವೆ, ಸೋವಿಯತ್ ನಿರ್ಮಿತ ಎಎನ್-12 ವಿಮಾನಗಳು ಎಎಂಎಕ್ಸ್-13 ಟ್ಯಾಂಕುಗಳನ್ನು ಲಡಾಖಿನ ಚುಶೂಲಿಗೆ ಒಯ್ದವು. ಅವುಗಳ ಬಾಗಿಲೂ ಬಾಲದ ಕೆಳಗೇ. ಡಕೋಟಾಕ್ಕೆ ಹತ್ತು ಎಂಜಿನ್ ಕಟ್ಟಿದರೂ ಆ ಟ್ಯಾಂಕ್ ಪಕ್ಕದ ಬಾಗಿಲಲ್ಲಿ ತೂರುತ್ತಿರಲಿಲ್ಲ!

ಇದೇನೂ ಪುಕ್ಕಟೆ ಸಿಗೋದಲ್ಲ. ಹಿಂಭಾಗದಲ್ಲಿ ದೊಡ್ಡ ತೂತು ಕೊರೆದರೆ ಒಡಲು ದುರ್ಬಲವಾಗುತ್ತದೆ. ಗಟ್ಟಿ ಮಾಡಲು ಲೋಹ ಸೇರಿಸಿದರೆ ತೂಕ ಹೆಚ್ಚುತ್ತದೆ. ಬಾಲವನ್ನೂ ಎತ್ತರಿಸಬೇಕು. ಆದರೂ ವಿನ್ಯಾಸಕಾರರು ಆ ಬೆಲೆ ತೆತ್ತರು. 1954ರಲ್ಲಿ ಮೊದಲು ಹಾರಿದ ಸಿ-130ರಲ್ಲಿ ಬಾಗಿಲೇ ಕೆಳಗಿಳಿದು ಇಳಿಜಾರು ಹಲಗೆಯಾಯಿತು. ನಮ್ಮ ಎಎನ್-32, ಸಿ-17 ವಿಮಾನಗಳೂ ಹಿಂದಿನಿಂದಲೇ ತುಂಬಿಕೊಳ್ಳುತ್ತವೆ.

ಸಾಫ್ಟ್‌ವೇರ್ ಕೆಲಸ ಮಾಡುವ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಸರ್ವರ್ ಎಷ್ಟೇ ಫಾಸ್ಟ್ ಇರಲಿ, ಡೇಟಾ ಒಳಗೆ ಬರುವ ದಾರಿ ಸಣ್ಣದಿದ್ದರೆ ಎಲ್ಲವೂ ಕಾಯಬೇಕು. ವಾಯುಪಡೆಯ ಬಳಿ 'ಪರಶುರಾಮ' ಹೆಸರಿನ ಹಳೇ ಡಕೋಟಾ ಈಗಲೂ ಇದೆ. ಅದರ ವಿಡಿಯೋ ಸಿಕ್ಕರೆ ಎಂಜಿನ್ ಸದ್ದು ಆಮೇಲೆ ಕೇಳ್ರಿ, ಮೊದಲು ಎಡಗಡೆಯ ಬಾಗಿಲು ನೋಡ್ರಿ.