ಗೋದಾವರಿಗೆ ಕೋಡಿ ಕಟ್ಟಿದ ಎಂಜಿನಿಯರ್

ಪತ್ರಿಕೆಯಲ್ಲಿ ಕೊಬ್ಬರಿ ಧಾರಣೆ ನೋಡಿ ದಿನ ಆರಂಭಿಸುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈತರಲ್ಲಿ ಅನೇಕರಿಗೆ ಅಂಬಾಜಿಪೇಟೆಯ ಹೆಸರು ಗೊತ್ತು. ಆಂಧ್ರಪ್ರದೇಶದ ಕೋನಸೀಮೆಯ ಆ ಊರು ನಮ್ಮ ತಿಪಟೂರಿನ ಹಾಗೆ ತೆಂಗಿನ ಮಾರುಕಟ್ಟೆಗೆ ಹೆಸರಾದದ್ದು. ಎರಡೂ ಕಡೆ ಮರ ಒಂದೇ, ನೀರಿನ ಕಥೆ ಮಾತ್ರ ಬೇರೆ. ಮಳೆ ಕೈಕೊಟ್ಟರೆ ನಾವು ಕೆರೆಯ ಕಡೆ, ಕೊಳವೆ ಬಾವಿಯ ಕಡೆ, ಹೇಮಾವತಿ ನಾಲೆಯ ಕಡೆ ನೋಡುತ್ತೇವೆ. ಗೋದಾವರಿಯ ಕವಲುಗಳ ನಡುವೆ ಇರುವ ಕೋನಸೀಮೆಗೆ ಕಾಲುವೆಯ ನೀರು ಹರಿದು ಬಂದು ನೂರ ಎಪ್ಪತ್ತು ವರ್ಷಗಳೇ ಕಳೆದಿವೆ.

ಆ ನೀರನ್ನು ತಂದವರು ಸರ್ ಆರ್ಥರ್ ಕಾಟನ್. ಗೋದಾವರಿ ಸೀಮೆಯ ಜನ ಇಂದಿಗೂ ಅವರನ್ನು 'ಕಾಟನ್ ದೊರ' ಎಂದೇ ಕರೆಯುತ್ತಾರೆ. ಎಂಜಿನಿಯರಿಂಗ್ ಓದಬೇಕೆಂದು ಹಂಬಲಿಸುವ ಮಕ್ಕಳೂ ಅವರನ್ನು ಓದಿಸಲು ತೆಂಗಿನ ತೋಟದ ಆದಾಯವನ್ನು ನಂಬಿರುವ ತಂದೆತಾಯಿಗಳೂ ಈ ಮನುಷ್ಯನ ಬದುಕನ್ನು ಒಮ್ಮೆ ತಿಳಿದುಕೊಳ್ಳಬೇಕು.

ಹತ್ತನೆಯ ಮಗ

ಕಾಟನ್ ಹುಟ್ಟಿದ್ದು 1803ರಲ್ಲಿ, ಇಂಗ್ಲೆಂಡಿನಲ್ಲಿ. ಹನ್ನೊಂದು ಗಂಡುಮಕ್ಕಳ ತುಂಬು ಮನೆಯಲ್ಲಿ ಅವರು ಹತ್ತನೆಯವರು. ಹದಿನಾರನೆಯ ವಯಸ್ಸಿಗೇ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಎಂಜಿನಿಯರುಗಳ ದಳಕ್ಕೆ ಆಯ್ಕೆಯಾಗಿ, 1821ರಲ್ಲಿ ಭಾರತಕ್ಕೆ ಬಂದರು. ಇಪ್ಪತ್ತಮೂರರ ಪ್ರಾಯದಲ್ಲಿ, ಅಂದರೆ 1826ರಲ್ಲಿ, ಅವರ ಮನಸ್ಸು ಕ್ರೈಸ್ತ ಧರ್ಮದ ಕಡೆಗೆ ಗಾಢವಾಗಿ ತಿರುಗಿತು. ಹುಟ್ಟಿನಿಂದ ಬಂದ ಧರ್ಮ ಅಂದಿನಿಂದ ಅವರಿಗೆ ಸ್ವಂತ ನಂಬಿಕೆಯಾಯಿತು. ತೊಂಬತ್ತಾರನೆಯ ವಯಸ್ಸಿನವರೆಗೆ ಅದು ಸಡಿಲಗೊಳ್ಳಲಿಲ್ಲ.

ದೇವರನ್ನು ನಂಬಿದವನು ಅಳತೆಪಟ್ಟಿಯನ್ನು ಕೆಳಗಿಡಬೇಕಿಲ್ಲ ಎಂಬುದಕ್ಕೆ ಕಾವೇರಿಯಲ್ಲಿ ಅವರು ಮಾಡಿದ ಕೆಲಸವೇ ಸಾಕ್ಷಿ. ನಮ್ಮ ಹೇಮಾವತಿ ಹೋಗಿ ಸೇರುವ ಆ ಕಾವೇರಿ, ತಮಿಳುನಾಡಿನ ತಿರುಚ್ಚಿಯ ಬಳಿ ಎರಡಾಗಿ ಒಡೆಯುತ್ತದೆ. ಆಗ ಅದರ ಕೊಳ್ಳಿಡಂ ಕವಲು ಹೆಚ್ಚು ಹೆಚ್ಚು ನೀರನ್ನು ತನ್ನ ಕಡೆ ಸೆಳೆದುಕೊಳ್ಳುತ್ತಿತ್ತು. ಇನ್ನೊಂದು ಕವಲು ಹೂಳು ತುಂಬಿ, ತಂಜಾವೂರಿನ ಗದ್ದೆಗಳಿಗೆ ನೀರು ಸಾಲದಾಗಿತ್ತು. 1836ರ ವೇಳೆಗೆ ಕಾಟನ್ ಕೊಳ್ಳಿಡಂಗೆ ಅಡ್ಡಲಾಗಿ ಎರಡು ಕಡೆ ಅಣೆಕಟ್ಟು ಕಟ್ಟಿಸಿ ಈ ಏರುಪೇರನ್ನು ಸರಿಪಡಿಸಿದರು.

ಮರಳಿನ ಮೇಲೆ ಗೋಡೆ ನಿಲ್ಲಿಸುವ ವಿದ್ಯೆಯನ್ನು ಅವರು ಇಂಗ್ಲೆಂಡಿನಿಂದ ತಂದಿರಲಿಲ್ಲ. ಅದೇ ಕಾವೇರಿಯ ಮೇಲೆ ಚೋಳರ ಕಾಲದ ಕಲ್ಲಣೆ ಇದೆ. ಮರಳಿನಲ್ಲಿ ಹಾಕಿದ ದೊಡ್ಡ ಬಂಡೆಗಳು ನೀರಿನ ಕೊರೆತಕ್ಕೆ ಕೆಳಗಿಳಿಯುತ್ತವೆ. ಅವುಗಳ ಮೇಲೆ ಮತ್ತೆ ಬಂಡೆ ಹೇರುತ್ತ ಹೋದರೆ ಒಂದು ಆಳದಲ್ಲಿ ಎಲ್ಲವೂ ಕದಲದೆ ಕೂರುತ್ತವೆ. ಆಳವೇ ಸಿಗದ ಮರಳಿನಲ್ಲಿ ಬುನಾದಿ ಹಾಕುವುದನ್ನು ತಾವು ಈ ದೇಶದ ಹಳಬರಿಂದ ಕಲಿತೆವೆಂದು ಕಾಟನ್ ಮುಂದೆ ಬರೆದು ಒಪ್ಪಿಕೊಂಡರು. ಇಂಗ್ಲಿಷ್ ನಿಘಂಟಿನಲ್ಲಿರುವ 'ಆನಿಕಟ್' ಎಂಬ ಶಬ್ದವೂ ನಮ್ಮ ದಕ್ಷಿಣದ 'ಅಣೆಕಟ್ಟು' ಎಂಬ ಮಾತಿನಿಂದಲೇ ಹೋದದ್ದು.

ಬರಗಾಲದ ಜಿಲ್ಲೆ

1841ರಲ್ಲಿ ಟಾಸ್ಮೇನಿಯಾ ದ್ವೀಪದಲ್ಲಿ ಕಾಟನ್ ಅವರಿಗೆ ಎಲಿಜಬೆತ್ ಲಿಯರ್‌ಮಂತ್ ಅವರೊಡನೆ ಮದುವೆಯಾಯಿತು. ಮರುವರ್ಷ ಅಲ್ಲಿಯೇ ಮಗಳು ಹುಟ್ಟಿದಳು. ತಾಯಿಯ ಹೆಸರನ್ನೇ ಮಗಳಿಗೂ ಇಟ್ಟರು. ಹೆಂಡತಿ, ಮಗುವಿನೊಡನೆ ಭಾರತಕ್ಕೆ ಮರಳಿದ ಕಾಟನ್, ವಿಶಾಖಪಟ್ಟಣದಲ್ಲಿ ಒಂದು ಚರ್ಚು ಕಟ್ಟಿಸಿದರು. ಸಮುದ್ರ ಊರನ್ನು ಕೊರೆಯದಂತೆ ತಡೆಗೋಡೆಗಳನ್ನೂ ಹಾಕಿಸಿದರು. ಆಮೇಲೆ ಅವರ ಕಣ್ಣು ಬಿದ್ದದ್ದು ಗೋದಾವರಿಯ ಮೇಲೆ.

ಆಗ ಆ ಸೀಮೆಯ ಸ್ಥಿತಿ ಹೇಗಿತ್ತೆಂದರೆ, ಎದುರಿಗೇ ಮಹಾನದಿ ಹರಿಯುತ್ತಿದ್ದರೂ ಜನ ಹಸಿವಿನಿಂದ ಸಾಯುತ್ತಿದ್ದರು. 1832-33ರ ನಂದನ ಸಂವತ್ಸರದ ಬರ, 1839ರ ಚಂಡಮಾರುತ, ಮೇಲಿಂದ ಮೇಲೆ ಬಂದ ನೆರೆ, ಇವೆಲ್ಲ ಸೇರಿ ಊರುಗಳು ಬರಿದಾದವು. 1821ರಲ್ಲಿ ಸುಮಾರು 7 ಲಕ್ಷ 38 ಸಾವಿರವಿದ್ದ ರಾಜಮಹೇಂದ್ರಿ ಜಿಲ್ಲೆಯ ಜನಸಂಖ್ಯೆ 1841ಕ್ಕೆ 5 ಲಕ್ಷ 61 ಸಾವಿರಕ್ಕೆ ಇಳಿಯಿತು. ನೀರು ಇಟ್ಟುಕೊಂಡು ಜನರನ್ನು ಉಪವಾಸ ಕೆಡಹುವುದು ದೇವರಿಗೆ ಲೆಕ್ಕ ಕೊಡಬೇಕಾದ ತಪ್ಪು ಎಂಬುದು ಕಾಟನ್ ಅವರ ಭಾವನೆ. ಅವರ ವರದಿಗಳಲ್ಲಿ ಮಾತ್ರ ಎಲ್ಲವೂ ಎತ್ತರ, ಇಳಿಜಾರು, ಎಕರೆ, ರೂಪಾಯಿಗಳ ಲೆಕ್ಕದಲ್ಲಿಯೇ ಇತ್ತು.

ಧವಳೇಶ್ವರದಲ್ಲಿ 1847ರಲ್ಲಿ ಕೆಲಸ ಆರಂಭವಾಯಿತು. ಇದನ್ನು ನಮ್ಮ ಕೆರೆಯ ಹೋಲಿಕೆಯಿಂದ ತಿಳಿಯಬಹುದು. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಕೋಡಿಯ ಮೇಲೆ ಹರಿದುಹೋಗುತ್ತದೆ, ಗದ್ದೆಗೆ ಬೇಕಾದ ನೀರು ತೂಬಿನಿಂದ ಹೊರಡುತ್ತದೆ. ಕಾಟನ್ ಕಟ್ಟಿಸಿದ್ದು ನದಿಗೇ ಒಂದು ಕೋಡಿ. ಸುಮಾರು ಹನ್ನೆರಡು ಅಡಿ ಎತ್ತರದ, ನದಿಯ ನಡುವಿನ ದ್ವೀಪಗಳನ್ನು ಬಳಸಿಕೊಂಡು ನಾಲ್ಕು ತುಂಡುಗಳಲ್ಲಿ ಎದ್ದ, ಒಟ್ಟು ಮೂರೂವರೆ ಕಿಲೋಮೀಟರಿಗೂ ಉದ್ದದ ಗೋಡೆ. ಅದು ನೀರನ್ನು ಕೂಡಿಡುವುದಿಲ್ಲ, ಮಟ್ಟವನ್ನಷ್ಟೇ ಏರಿಸುತ್ತದೆ. ಏರಿದ ನೀರು ದಡದ ತೂಬುಗಳಿಂದ ಕಾಲುವೆಗೆ ಇಳಿಯುತ್ತದೆ. ಪ್ರವಾಹ ಬಂದಾಗ ನದಿ ಗೋಡೆಯನ್ನು ಹತ್ತಿ ದಾಟುತ್ತದೆ. ಶೇಖರವಾದ ಮರಳನ್ನು ಕೊಚ್ಚಿ ಹಾಕಲು ಬೇರೆ ಬಾಗಿಲುಗಳಿದ್ದವು.

ಕೆಲಸದ ಮರುವರ್ಷವೇ ಕಾಟನ್ ಅವರ ಆರೋಗ್ಯ ಕೆಟ್ಟಿತು. ಅವರು ರಜೆಯ ಮೇಲೆ ಹೋಗಬೇಕಾಯಿತು. ಕ್ಯಾಪ್ಟನ್ ಓರ್ ಕೆಲಸ ನಿಲ್ಲದಂತೆ ನೋಡಿಕೊಂಡರು. ಸ್ಥಳೀಯರಾದ ವೀಣಂ ವೀರಣ್ಣ ಕೂಲಿಕಾರರನ್ನು ಸೇರಿಸಿ, ಸಂಭಾಳಿಸಿ ನಡೆಸಿದರು. ವೀರಣ್ಣನವರಿಗೆ ತಮ್ಮ ಋಣವೆಷ್ಟೆಂದು ಕಾಟನ್ ಮೇಲಿನವರ ಮುಂದೆ ಮರೆಮಾಚಲಿಲ್ಲ. 1852ರಲ್ಲಿ ಅಣೆಕಟ್ಟು ಮುಗಿಯಿತು. ಅದಕ್ಕೆ ಸೇರಿಕೊಂಡಂತೆ ಗನ್ನವರಂನಲ್ಲಿ ನದಿಯ ಕವಲಿನ ಮೇಲೆ 49 ಕಮಾನುಗಳ ಮೇಲ್ಗಾಲುವೆ ಎದ್ದು, ಕೋನಸೀಮೆಗೂ ನೀರು ಮುಟ್ಟಿತು. ಇಂದು ಗೋದಾವರಿ ಮುಖಜಭೂಮಿಯಲ್ಲಿ ನೀರುಣ್ಣುವ ನೆಲ ಸುಮಾರು ಹತ್ತು ಲಕ್ಷ ಎಕರೆ. ಹಳೆಯ ಅಣೆಕಟ್ಟಿನ ಜಾಗದಲ್ಲಿ 1982ರಲ್ಲಿ ಮುಗಿದ ಹೊಸ ಬ್ಯಾರೇಜಿಗೂ ಕಾಟನ್ ಅವರದೇ ಹೆಸರು.

ತುಂಗಭದ್ರೆಯ ಪಾಠ

ಗೆಲುವಿನ ಕಥೆ ಇಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ತುಂಗಭದ್ರೆಯ ನೀರನ್ನು ಬಳ್ಳಾರಿ, ಕರ್ನೂಲು, ಕಡಪದ ಒಣ ಸೀಮೆಗೆ ಹರಿಸಬೇಕೆಂದು 1860ರ ಸುಮಾರಿಗೇ ಕಾಟನ್ ಯೋಜನೆ ಹಾಕಿದ್ದರು. ಅದರ ಕೆಳಭಾಗದ ಕೆಲಸವನ್ನು ಒಂದು ಖಾಸಗಿ ಕಂಪನಿ ಕೈಗೆತ್ತಿಕೊಂಡು, ಸುಂಕೇಶುಲದಿಂದ ಕರ್ನೂಲು-ಕಡಪ ಕಾಲುವೆ ತೋಡಿತು. ಖರ್ಚು ಅಂದಾಜನ್ನು ಮೀರಿ ಹೋಯಿತು. ಗೋದಾವರಿಯ ಗದ್ದೆಯವರಂತೆ ಇಲ್ಲಿನ ರೈತರು ನೀರಿಗೆ ಮುಗಿಬೀಳಲಿಲ್ಲ. ಎರೆಭೂಮಿ ತೇವವನ್ನು ಹಿಡಿದಿಡುತ್ತದೆ, ಒಳ್ಳೆಯ ಮಳೆಯಾದ ವರ್ಷ ಜೋಳಕ್ಕೆ ಅಷ್ಟೇ ಸಾಕು. ಮತ್ತೆ ನೀರಿನ ಕಂದಾಯ ಯಾಕೆ ಕಟ್ಟಬೇಕು ಎಂಬುದು ಅವರ ಲೆಕ್ಕ. ಕಂಪನಿ ನಷ್ಟಕ್ಕೆ ಬಿದ್ದು, 1882ರಲ್ಲಿ ಸರ್ಕಾರ ಕಾಲುವೆಯನ್ನು ಕೊಂಡುಕೊಂಡಿತು. ರೈಲಿಗೆ ಸುರಿಯುವ ಹಣವನ್ನು ಕಾಲುವೆಗೆ ಹಾಕಿ ಎಂದು ವಾದಿಸುತ್ತಿದ್ದ ಕಾಟನ್ ಅವರನ್ನು 1878ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿ ಕೂರಿಸಿಕೊಂಡು ಪ್ರಶ್ನಿಸಿತು.

ನೀರು ಒಳ್ಳೆಯದೆಂಬ ನಂಬಿಕೆ ನಿಜವೇ. ಆದರೆ ಅದನ್ನು ಕೊಳ್ಳುವ ರೈತನ ಮಣ್ಣನ್ನೂ ಅಳೆಯದೆ ಹೋದರೆ ಏನಾಗುತ್ತದೆಂಬುದನ್ನು ಈ ಕಾಲುವೆ ತೋರಿಸಿತು. ಹಾಗೆಂದು ಯೋಚನೆ ವ್ಯರ್ಥವಾಗಲಿಲ್ಲ. 1953ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟು ಸಿದ್ಧವಾದಾಗ ಸುಮಾರು ತೊಂಬತ್ತು ವರ್ಷ ಹಿಂದಿನ ಆ ಕನಸು ಬೇರೆ ರೂಪದಲ್ಲಿ ಕೈಗೂಡಿತು.

ಮನೆಯವರು ಕಂಡ ಮನುಷ್ಯ

1861ರಲ್ಲಿ ಸರ್ ಪದವಿ ಪಡೆದ ಕಾಟನ್, ಕೊನೆಯ ವರ್ಷಗಳನ್ನು ಇಂಗ್ಲೆಂಡಿನ ಡಾರ್ಕಿಂಗ್ ಎಂಬ ಊರಿನಲ್ಲಿ ಕಳೆದರು. ಅಲ್ಲಿಯೂ ಸುಮ್ಮನೆ ಕೂರಲಿಲ್ಲ. ಆಳವಾಗಿ ಉತ್ತರೆ ಗೋಧಿಯ ಇಳುವರಿ ಎಷ್ಟು ಹೆಚ್ಚೀತೆಂದು ಚಿಕ್ಕ ಹೊಲದಲ್ಲಿ ಪ್ರಯೋಗ ನಡೆಸುತ್ತಿದ್ದರು. ತಂದೆಯ ನಂಬಿಕೆ ಮಗಳಲ್ಲಿ ಇನ್ನೊಂದು ಬಗೆಯಲ್ಲಿ ಚಿಗುರಿತು. ಕೂಲಿಕಾರರು ಸಂಜೆ ಹೆಂಡದಂಗಡಿಗೆ ಹೋಗದಿರಲೆಂದು ಆಕೆ ಡಾರ್ಕಿಂಗ್‌ನಲ್ಲಿ ಕಾಫಿ ಕೊಠಡಿ ತೆರೆದರು. ಕಾಟನ್ 1899ರ ಜುಲೈನಲ್ಲಿ ತೀರಿಕೊಂಡರು. ಮರುವರ್ಷವೇ ತಂದೆಯ ಜೀವನಚರಿತ್ರೆ ಹೊರಬಂದಿತು. ಅದನ್ನು ಬರೆದವರು ಆ ಮಗಳೇ. ಅಷ್ಟು ಹೊತ್ತಿಗೆ ಆಕೆ ಲೇಡಿ ಹೋಪ್ ಎಂದು ಹೆಸರಾಗಿದ್ದರು.

ಊರೂರು ಅಲೆದು, ಮರಳಿನಲ್ಲಿ ಬಿಸಿಲಿನಲ್ಲಿ ನಿಂತು ಆರೋಗ್ಯ ಕೆಡಿಸಿಕೊಂಡ ತಂದೆಯ ಬದುಕನ್ನು ಸ್ವಂತ ಮಗಳೇ ಪ್ರೀತಿಯಿಂದ ಬರೆದಿಡುವುದು ದೊಡ್ಡ ಪ್ರಶಸ್ತಿಗಿಂತ ಕಡಿಮೆಯದಲ್ಲ. ಮನೆಯೊಳಗೊಂದು, ಕೆಲಸದಲ್ಲೊಂದು ನಡತೆ ಇಟ್ಟುಕೊಂಡವರಿಗೆ ಇಂಥ ಪುಸ್ತಕ ಸಿಗುವುದು ಕಷ್ಟ.

ನಮ್ಮ ತಾಲ್ಲೂಕುಗಳ ಮಕ್ಕಳಲ್ಲಿ ಮುಂದೆ ಯಾರೋ ಒಬ್ಬರು ಸಿವಿಲ್ ಎಂಜಿನಿಯರ್ ಆಗಿ, ಒಣಗಿದ ಒಂದು ಕೆರೆಯ ಏರಿಯ ಮೇಲೆ ನಿಲ್ಲುವ ದಿನ ಬರಬಹುದು. ಅಂಕಪಟ್ಟಿ ಅವರನ್ನು ಅಲ್ಲಿಯವರೆಗೆ ಕರೆದೊಯ್ಯುತ್ತದೆ. ದೇವರ ಹೆಸರು ಯಾವುದೇ ಇರಲಿ, ಈ ನೀರು ಯಾರ ಮನೆಯ ಅನ್ನಕ್ಕೆ ಎಂದು ಕೇಳಿಕೊಳ್ಳುವ ಗುಣವನ್ನು ಮಾತ್ರ ಚಿಕ್ಕಂದಿನಲ್ಲಿ ಮನೆಯೇ ಕಲಿಸಿರಬೇಕು. ಆಮೇಲೆ ಏರಿಯಿಂದ ಕೆಳಗಿಳಿದು ಮಟ್ಟ ಹಿಡಿಯಬೇಕು, ಮಣ್ಣು ಮುಟ್ಟಿ ನೋಡಬೇಕು, ಆ ಊರಿನ ನೀರುಗಂಟಿಯನ್ನು ಕರೆದು ಅವನಿಗೆ ಗೊತ್ತಿರುವುದನ್ನು ಕೇಳಬೇಕು.